ಜೋಡಿ ಮುದ್ರೆ

ನಮ್ಮ ಮನೆಯಲ್ಲಿ ಬೆಂಡೆಕಾಯಿ ಹೆಚ್ಚುವ ಕೆಲಸ ಕೆಲವು ವರ್ಷಗಳಿಂದ ನನ್ನ ಯಜಮಾನರದು. ಮೊದಮೊದಲು ಅವರು ಇದನ್ನು ತಮ್ಮ ಪ್ರೀತಿಗೆ ನಾನೊಡ್ಡಿದ ಪರೀಕ್ಷೆ ಎಂದುಕೊಂಡಿದ್ದರು. ಆಮೇಲೆ ಸೋಮಾರಿತನ ಎಂದುಕೊಂಡರು. ಈಗ ಏನೂ ಅಂದುಕೊಳ್ಳುವುದಿಲ್ಲ. ನರಸಿಂಹರಾಜಪುರದ ಸಂತೆಯಿಂದ ಬೆಂಡೆಕಾಯಿ ತಂದ ದಿನ ತಾವೇ ಮಣೆ ಹಾಕಿಕೊಂಡು ಕೂರುತ್ತಾರೆ. ನೆಂಟರ ಎದುರು 'ಇವಳಿಗೆ ಆ ಲೋಳೆ ಆಗಿಬರುವುದಿಲ್ಲ' ಎಂದು ನನ್ನ ಪರವಾಗಿ ಸುಳ್ಳನ್ನೂ ಹೇಳುತ್ತಾರೆ. ಲೋಳೆಗೂ ನನಗೂ ಏನೂ ಜಗಳವಿಲ್ಲ. ತೊಟ್ಟಿನ ಕಡೆ ಕತ್ತರಿಸಿದಾಗ ಐದು ಎಸಳಿನ ಒಂದು ಹೂವು ಕಾಣುತ್ತದಲ್ಲ, ಅದನ್ನು ನಾನು ನೋಡಲಾರೆ.

ನೀವೂ ಚಿಕ್ಕಂದಿನಲ್ಲಿ ಆ ಹೂವನ್ನು ಇಂಕಿನಲ್ಲಿ ಅದ್ದಿ ಪುಸ್ತಕದ ಅಂಚಿಗೆಲ್ಲ ಒತ್ತಿರುತ್ತೀರಿ. ನಾನಂತೂ ಅದರಲ್ಲಿ ಪಂಡಿತೆ. ಸಾರಿಗೆಂದು ಇಟ್ಟಿದ್ದ ಬೆಂಡೆಕಾಯಿಯ ತಲೆಗಳನ್ನು ಕದ್ದು, ನೀಲಿ ಇಂಕಿನ ಪುಡಿಯನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿ, ಸಮಾಜ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ತೋಟವನ್ನೇ ಎಬ್ಬಿಸಿದ್ದೆ. ಪಾಠ ಕಡಿಮೆ, ಹೂವು ಜಾಸ್ತಿ. ಮೇಷ್ಟರು ಅದನ್ನು ತರಗತಿಗೆಲ್ಲ ಎತ್ತಿ ತೋರಿಸಿ, 'ಈಕೆ ಪೌರನೀತಿ ಓದುತ್ತಿದ್ದಾಳೋ ಸೀರೆ ಅಂಗಡಿ ಇಡುತ್ತಾಳೋ' ಎಂದು ಕೇಳಿದ್ದರು. ಆ ದಿನ ನನಗೆ ಅವಮಾನವಾಗಲಿಲ್ಲ, ಹೆಮ್ಮೆಯೇ ಆಯಿತು. ಅವಮಾನ ಎಲ್ಲಿ ಆಗಬೇಕೋ ಅಲ್ಲಿ ಆಗದಿರುವುದು ನನ್ನ ಹಳೆಯ ಕಾಯಿಲೆ.

ಬೆಂಡೆಕಾಯಿಯಿಂದ ಮುಂದೆ ಹೋಗುವ ಮೊದಲು ನಮ್ಮಮ್ಮನ ವಿಷಯ ಹೇಳಬೇಕು. ಅಮ್ಮನ ಶಾಸ್ತ್ರದಲ್ಲಿ ಒಂಟಿಗೆ ಜಾಗವಿರಲಿಲ್ಲ. ಎಲೆ ಕೊಟ್ಟರೆ ಎರಡು, ಅಡಿಕೆ ಕೊಟ್ಟರೆ ಎರಡು, ಬಾಳೆಹಣ್ಣು ಕೊಟ್ಟರೂ ಎರಡು. ಬಡಿಸುವಾಗ ಒಂದೇ ಸೌಟು ಹಾಕಿ ಕೈ ತೆಗೆಯುವಂತಿಲ್ಲ, ಹನಿಯಷ್ಟಾದರೂ ಇನ್ನೊಮ್ಮೆ ಬೀಳಬೇಕು. ಶೃಂಗೇರಿಯಿಂದ ಬಂದಿದ್ದ ಸೋದರಮಾವ ಹೊಟ್ಟೆ ಕೆಟ್ಟಿದೆ, ಒಂದೇ ದೋಸೆ ಸಾಕು ಎಂದು ಕೈ ಮುಗಿದಾಗ ಅಮ್ಮ ಅರ್ಧರ್ಧ ದೋಸೆಯನ್ನು ಎರಡು ಸಲ ಬಡಿಸಿದಳು. ಅವನ ಮಾತೂ ನಡೆಯಿತು, ಇವಳ ಶಾಸ್ತ್ರವೂ ನಡೆಯಿತು. ಹಿತ್ತಿಲಿಗೆ ಬಂದ ಕೆಲಸದ ಹೆಂಗಸರಿಗೂ ಇದೇ ಲೆಕ್ಕ. ಕೈಗೆ ಕೈ ತಾಗದಂತೆ ಮೇಲಿನಿಂದ ಹಾಕುತ್ತಿದ್ದಳು ನಿಜ, ಆದರೆ ಎರಡೆಲೆಯನ್ನೇ ಹಾಕುತ್ತಿದ್ದಳು. ಅವರೂ ತಮ್ಮ ಮನೆಗಳಲ್ಲಿ ಹಾಗೇ ಮಾಡುತ್ತಿದ್ದರು. ನಮ್ಮ ಮುತ್ತಿನಕೊಪ್ಪದ ಕಡೆ ಈ ಒಂದು ವಿಷಯದಲ್ಲಿ ಒಡೆಯರಿಗೂ ಆಳಿಗೂ ಭೇದವಿರಲಿಲ್ಲ.

ಇನ್ನು ಆಯಮ್ಮನ ವಿಷಯ. ಹೆಸರು ಹೇಳುವುದಿಲ್ಲ. ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದಿದ್ದರೂ ಯಾರ ಸುದ್ದಿ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು, ಹಾಗೆ ನಿಮಗೂ ಗೊತ್ತಾಗುತ್ತದೆ. ವರ್ಷಗಟ್ಟಲೆ ದೇಶ ಆಳಿದ ಹೆಂಗಸು. ತುರ್ತು ಪರಿಸ್ಥಿತಿ ತಂದು, ಆಮೇಲಿನ ಚುನಾವಣೆಯಲ್ಲಿ ಸೋತು, ಮತ್ತೆ ಪಾರ್ಲಿಮೆಂಟಿಗೆ ಹೋಗಲು ದೇಶದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ನಮ್ಮ ಜಿಲ್ಲೆಗೇ ಬಂದು ಉಪಚುನಾವಣೆಗೆ ನಿಂತರು. ಆಗ ನನಗೆ ಹದಿನಾಲ್ಕು ವರ್ಷ. ದಿನಾ ಬಸ್ಸಿನಲ್ಲಿ ನರಸಿಂಹರಾಜಪುರದ ಹೈಸ್ಕೂಲಿಗೆ ಹೋಗಿಬರುತ್ತಿದ್ದೆ. ಊರಿನಲ್ಲಿ ಎದುರು ಮಾತಾಡುವ ಹೆಂಗಸರನ್ನೆಲ್ಲ ಆಯಮ್ಮನ ಹೆಸರಿಟ್ಟು ಕರೆಯುತ್ತಿದ್ದರು. ಮನೆಯಲ್ಲಿ ನಾನು ಹಟ ಮಾಡಿದರೆ ನನಗೂ ಅದೇ ಬಿರುದು. ಬೈಗುಳವೆಂದು ಅವರು ಕೊಟ್ಟದ್ದನ್ನು ನಾನು ಒಳಗೊಳಗೇ ಪದಕದ ಹಾಗೆ ಇಟ್ಟುಕೊಳ್ಳುತ್ತಿದ್ದೆ. ನನ್ನ ಕಂಪಾಸ್ ಪೆಟ್ಟಿಗೆಯ ತಳದಲ್ಲಿ, ಕೋನಮಾಪಕದ ಕೆಳಗೆ, ಪತ್ರಿಕೆಯಿಂದ ಕತ್ತರಿಸಿದ ಆಯಮ್ಮನ ಚಿತ್ರವೊಂದಿತ್ತು. ಅಪ್ಪನಿಗೆ ಗೊತ್ತಾಗಿದ್ದರೆ ಪೆಟ್ಟಿಗೆಯೇ ಒಲೆಗೆ ಹೋಗುತ್ತಿತ್ತು.

ಯಾಕೆಂದರೆ ಅಪ್ಪ ಆಯಮ್ಮನ ಕಡುವೈರಿ. ಅದಕ್ಕೆ ಅವರಿಗೆ ಕಾರಣಗಳಿದ್ದವು, ಒಳ್ಳೆಯ ಕಾರಣಗಳೇ. ಅವರ ಸ್ನೇಹಿತರೊಬ್ಬರು ತಿಂಗಳುಗಟ್ಟಲೆ ಜೈಲಿನಲ್ಲಿದ್ದು ಬಂದಿದ್ದರು. ಸಂತಾನಹರಣದ ಆಪರೇಷನ್ನಿಗೆ ಜನ ಹುಡುಕುವ ಜೀಪು ಬಂತೆಂದರೆ ನಮ್ಮ ಊರಿನ ಗಂಡಸರು ಭದ್ರಾ ಹಿನ್ನೀರಿನ ಕಡೆಯ ಕಾಡು ಸೇರುತ್ತಿದ್ದರು. 'ಪ್ರಜಾಪ್ರಭುತ್ವದ ಕತ್ತು ಹಿಸುಕಿದವಳು' ಎಂದು ಅಪ್ಪ ಊಟದ ಎಲೆಯ ಮುಂದೆ ಕುಳಿತು ಭಾಷಣ ಮಾಡುತ್ತಿದ್ದರು. ಪ್ರಜಾಪ್ರಭುತ್ವ ಎಂಬ ಪದವನ್ನು ಅವರಷ್ಟು ಬಾಯಿತುಂಬ ಹೇಳುವವರನ್ನು ನಾನು ಇನ್ನೂ ನೋಡಿಲ್ಲ.

ಅವರು ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿತ್ತು. ನಮ್ಮ ಗದ್ದೆ ಕೆಲಸದವರ ಗುಡಿಸಲುಗಳೆಲ್ಲ ಮೊದಲು ನಮ್ಮ ಜಾಗದ ಅಂಚಿನಲ್ಲಿದ್ದವು. ಒಂದು ದಿನ ಕೆಲಸಕ್ಕೆ ತಪ್ಪಿಸಿದರೆ 'ಗುಡಿಸಲ ಗಳ ಕಿತ್ಕೊಂಡು ಹೊರಡಿ' ಎನ್ನಬಹುದಿತ್ತು. ಆಯಮ್ಮನ ಕಾಲದಲ್ಲಿ ಸರ್ಕಾರ ಅವರಿಗೆ ರಸ್ತೆ ಬದಿಯಲ್ಲಿ ತುಂಡು ತುಂಡು ಜಾಗ ಅಳೆದು ಕೈಗೆ ಹಕ್ಕುಪತ್ರ ಕೊಟ್ಟಿತು. ಆ ಜಾಗವನ್ನು ಇವತ್ತಿಗೂ 'ಸೈಟು' ಎಂದೇ ಕರೆಯುತ್ತಾರೆ. ಆಮೇಲೆ ಅಪ್ಪ ಹಾಗೆ ಅನ್ನುವಂತಿರಲಿಲ್ಲ. ಕೂಲಿ ಕೇಳುವಾಗ ಅವರ ದನಿ ಸ್ವಲ್ಪ ಮೇಲಾಗಿತ್ತು, ಅಪ್ಪನ ದನಿ ಅಷ್ಟೇ ಕೆಳಗಿಳಿದಿತ್ತು.

ಚೆಲುವಿ ಸೈಟಿನವಳು. ನಾಟಿಯ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಅವಳೇ. ಅವಳ ಕೈ ಓಟಕ್ಕೆ ಉಳಿದವರು ಹೊಂದಿಕೊಳ್ಳಬೇಕು. ನಾನು ಕೂಸಾಗಿದ್ದಾಗ ಅಮ್ಮನಿಗೆ ಕಾಯಿಲೆಯಾಗಿ ಚೆಲುವಿಯ ಸೊಂಟದ ಮೇಲೇ ಬೆಳೆದವಳು. ನನ್ನನ್ನು ಅವಳು ಸಣ್ಣಮ್ಮ ಎನ್ನುತ್ತಿದ್ದಳು. ಈಗ ನನ್ನ ತಲೆ ಅರ್ಧ ನೆರೆತಿದೆ, ಆದರೂ ನಾನು ಸಣ್ಣಮ್ಮನೇ.

ಆ ಚುನಾವಣೆಯ ಸಮಯಕ್ಕೆ ಸರಿಯಾಗಿ ಗದ್ದೆ ಕೊಯ್ಲು. ಆಯಮ್ಮ ಕೊಪ್ಪಕ್ಕೆ ಭಾಷಣಕ್ಕೆ ಬರುತ್ತಾರೆಂದು ತಿಳಿದದ್ದೇ, ಚೆಲುವಿಯೂ ಅವಳ ಜೊತೆಯ ಎಂಟು ಹೆಂಗಸರೂ ಕುಡುಗೋಲನ್ನು ಬದುವಿನ ಮೇಲಿಟ್ಟು ಬಸ್ಸು ಹತ್ತಿದರು. ಅರ್ಧ ಕೊಯ್ದ ಗದ್ದೆಯ ಮುಂದೆ ನಿಂತು ಅಪ್ಪ ಕೂಗಾಡಿದರು. ಕೇಳಲು ಗದ್ದೆಯಲ್ಲಿ ಕೊಕ್ಕರೆಗಳು ಮಾತ್ರ ಇದ್ದವು. ಮಾರನೆಯ ದಿನ ಚೆಲುವಿ ನನ್ನನ್ನು ಕಣದ ಹತ್ತಿರ ಕರೆದು ವರದಿ ಒಪ್ಪಿಸಿದಳು.

"ಸೆರಗು ತಲೆ ಮೇಲೆ ಹೊದ್ದಿದ್ರು ಸಣ್ಣಮ್ಮ, ನಮ್ಮಂಗೇಯ. ಪಂಚೆ ಉಟ್ಟ ದೊಡ್ಡ ದೊಡ್ಡ ಗಂಡಸ್ರೆಲ್ಲ ಕೆಳಗೆ ನಿಂತಿದ್ರು. ಅವ್ರು ಮೇಲೆ! ಬಂದೋರೇ ಕೈ ಮುಗಿದ್ರು. ಯಾರಿಗೆ ಮುಗಿದ್ರು ಹೇಳು ನೋಡನ?"

"ಯಾರಿಗೆ?"

"ನಮಗೆ ಮಾರಾಯ್ತಿ! ನಂಗೆ, ನನ್ನ ಪಕ್ಕ ನಿಂತಿದ್ದ ಗಿರಿಜಿಗೆ. ನಾವೇ ಹೆದ್ರಿ ಹಿಂದೆ ನೋಡಿದ್ವಿ, ಯಾರಾದ್ರೂ ದೊಡ್ಡೋರು ಬಂದಿದಾರೇನೋ ಅಂತ. ಯಾರೂ ಇರ್ಲಿಲ್ಲ."

ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಎಂದರೆ, ಆ ರಾತ್ರಿ ಕಂಪಾಸ್ ಪೆಟ್ಟಿಗೆಯ ಚಿತ್ರದ ಜೊತೆ ಮಾತು ಬಿಟ್ಟೆ.

ಮತದಾನಕ್ಕೆ ಎರಡು ದಿನವಿತ್ತು. ಮಧ್ಯಾಹ್ನ ಗಂಜಿ ಕುಡಿದು ಹೆಂಗಸರು ಕಣದ ನೆರಳಿನಲ್ಲಿ ಕುಳಿತಿದ್ದರು. ಹಿಂದಿನ ಚುನಾವಣೆಗಳಲ್ಲಿ ಅಪ್ಪ ಹೇಳಿದ ಗುರುತಿಗೆ ಸುಮ್ಮನೆ ಒತ್ತಿ ಬರುತ್ತಿದ್ದವರು. ಈ ಸಲ ತಾವೇ ಆರಿಸಬೇಕು ಎಂದುಕೊಂಡದ್ದರಿಂದ ಮುದ್ರೆ ಎಲ್ಲಿ ತಪ್ಪಿ ಬೀಳುತ್ತದೆಯೋ ಎಂಬ ಭಯ. ಸಣ್ಣಮ್ಮ ಓದಿದವಳು, ತೋರಿಸಿಕೊಡಲಿ ಎಂದು ಕರೆದರು. ನಾನು ಚಿಪ್ಪಿನ ಇಂಕು, ಬೆಂಡೆಕಾಯಿಯ ತಲೆ, ಗುರುತುಗಳನ್ನು ಬರೆದ ಹಾಳೆಗಳನ್ನು ಹಿಡಿದು ಮೇಷ್ಟರ ಗತ್ತಿನಲ್ಲೇ ಬಂದೆ. ಒಬ್ಬೊಬ್ಬರೂ ಬೆಂಡೆಕಾಯಿ ಹಿಡಿದು ಹೂವು ಒತ್ತಿ ನೋಡಿದರು. ಕಳೆ ಕೀಳುವ, ಕುಡುಗೋಲು ಹಿಡಿಯುವ ಆ ಬೆರಳುಗಳಲ್ಲಿ ಬೆಂಡೆಕಾಯಿ ನಿಲ್ಲದೆ ಜಾರುತ್ತಿತ್ತು. ನಾನು ನಗುತ್ತಿದ್ದೆ, ಅವರೂ ನಗುತ್ತಿದ್ದರು.

ಆಗ ಚೆಲುವಿ ತನ್ನ ಸಂಕಟ ಹೇಳಿದಳು. "ಒಂದು ಮಾತು ಸಣ್ಣಮ್ಮ. ಆಯಮ್ಮಂಗೆ ಹಾಕ್ದೆ ಇದ್ರೆ ಜಾಗ ಕೊಟ್ಟೋರಿಗೆ ಎರಡು ಬಗೆದಂಗಾತು. ಒಡೇರ ಗುರುತಿಗೆ ಹಾಕ್ದೆ ಇದ್ರೆ ಉಂಡ ಮನೆಗೆ ಎರಡು ಬಗೆದಂಗಾತು. ಎಂತ ಮಾಡದು?"

ಒಂಬತ್ತು ಹೆಂಗಸರೂ ನನ್ನ ಮುಖ ನೋಡುತ್ತ ಕುಳಿತರು. ಎರಡು ರಾತ್ರಿ ಅವರು ಇದನ್ನೇ ಮಾತಾಡಿಕೊಂಡಿದ್ದರೆಂದು ಆಮೇಲೆ ತಿಳಿಯಿತು.

"ಅದಕ್ಯಾಕೆ ಅಷ್ಟು ತಲೆಬಿಸಿ?" ಎಂದೆ. "ಎರಡಕ್ಕೂ ಒತ್ತಿ. ಒಂಟಿ ಕೊಡಬಾರ್ದು ಅಂತ ಅಮ್ಮ ಹೇಳೋದು ಕೇಳಿಲ್ವಾ? ಆಯಮ್ಮನಿಗೊಂದು, ಮನೆಗೊಂದು. ಜೋಡಿ."

ಅವರ ಮುಖಗಳು ಹೇಗೆ ಸಡಿಲವಾದವು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಿರಿಜಿ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. "ಓದಿದೋರು ಓದಿದೋರೇ ಕಣ್ರೇ" ಎಂದಳು ಚೆಲುವಿ. ಆಮೇಲೆ ಪ್ರತಿಯೊಬ್ಬರೂ ಎರಡೆರಡು ಹೂವು ಒತ್ತಿ ಅಭ್ಯಾಸ ಮಾಡಿದರು.

ನನಗೆ ತಿಳಿದಿರಲಿಲ್ಲ, ಮಕ್ಕಳಾಟ ಎಂದು ಬರೆದರೆ ನನ್ನ ಮರ್ಯಾದೆ ಉಳಿಯುತ್ತದೆ, ನೀವೂ ನಕ್ಕು ಪುಟ ತಿರುಗಿಸುತ್ತೀರಿ. ಆದರೆ ತಿಳಿದಿತ್ತು. ಒಂದೇ ಕಾಗದದಲ್ಲಿ ಎರಡು ಗುರುತಿಗೆ ಮುದ್ರೆ ಬಿದ್ದರೆ ಆ ಓಟು ಯಾರಿಗೂ ಇಲ್ಲ, ಅದಕ್ಕೆ ಕುಲಗೆಟ್ಟ ಮತ ಎನ್ನುತ್ತಾರೆ ಎಂದು ಮೇಷ್ಟರು ಪಾಠ ಮಾಡಿದ್ದರು. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ. ನಾನು ಸರಿಯಾಗಿ ಬರೆದು ಆ ಒಂದು ಅಂಕವನ್ನು ಗಳಿಸಿಯೂ ಇದ್ದೆ. ಯಾಕೆ ಹಾಗೆ ಹೇಳಿಕೊಟ್ಟೆ ಎಂದರೆ, ಕೊಯ್ಲು ನಿಂತ ದಿನದಿಂದ ಅಪ್ಪ ಮುಖ ಗಂಟು ಹಾಕಿಕೊಂಡಿದ್ದರು, ಅವರನ್ನು ನಗಿಸಬೇಕಿತ್ತು. ಜೊತೆಗೆ, ನಮ್ಮ ಆಳುಗಳಿಗೆ ಕೈ ಮುಗಿದ ಆಯಮ್ಮನ ಮೇಲೆ ನನಗೆ ಹೇಳಲಾಗದ ಸಿಟ್ಟಿತ್ತು. ಅವರು ನನಗೆ ಮುಗಿಯಬೇಕಿತ್ತು ಎಂದು ಕಾಣುತ್ತದೆ.

ಅಪ್ಪ ನಕ್ಕರು. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಮತ್ತೆ ನಕ್ಕರು. "ಒಂಬತ್ತೂ ಹೋಯ್ತು! ಒಂಬತ್ತೂ!" ಎಂದು ನನ್ನ ಬೆನ್ನು ತಟ್ಟಿದರು. ನರಸಿಂಹರಾಜಪುರಕ್ಕೆ ಹೋದಾಗ ನನಗೊಂದು ಇಂಕು ಪೆನ್ನು ತಂದರು. ಪ್ರಜಾಪ್ರಭುತ್ವ ಉಳಿಸುವ ಹೋರಾಟದಲ್ಲಿ ನನಗೆ ಬಂದ ಬಹುಮಾನ ಅದು. ಹೇಳುವುದು ಪುರಾಣ ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಬೆಂಡೆಕಾಯಿಯಾಗಿತ್ತು. ಅಮ್ಮ ಮಾತ್ರ ನಗಲಿಲ್ಲ. "ನನ್ನ ಮಾತನ್ನ ಇದಕ್ಕೆ ಯಾಕೆ ತಗೊಂಡೆ?" ಎಂದು ಕೇಳಿ ಒಳಗೆ ಹೋದಳು. ಎರಡು ದಿನ ನನ್ನ ತಟ್ಟೆಗೆ ಬಡಿಸುವಾಗ ಮುಖ ಎತ್ತಿ ನೋಡಲಿಲ್ಲ. ಅಮ್ಮನಿಗೆ ರಾಜಕೀಯ ತಿಳಿಯುವುದಿಲ್ಲ ಎಂದು ಅಪ್ಪ ನನಗೆ ಸಮಾಧಾನ ಹೇಳಿದರು.

ಓಟಿನ ದಿನ ಒಂಬತ್ತು ಹೆಂಗಸರೂ ತಲೆಗೆ ಮಿಂದು, ಮದುವೆಮನೆಗೆ ಉಡುವ ಸೀರೆ ಉಟ್ಟು ಹೋದರು. ಸಂಜೆ ಚೆಲುವಿ ಮಸಿ ಹತ್ತಿದ ಬೆರಳನ್ನು ನನಗೊಬ್ಬಳಿಗೇ ತೋರಿಸಿ, "ಜೋಡಿ ಹಾಕಿದೆ" ಎಂದು ಪಿಸುಗುಟ್ಟಿದಳು. ಎಣಿಕೆಯಾಗಿ ಆಯಮ್ಮ ಗೆದ್ದರು, ಚೆನ್ನಾಗಿಯೇ ಗೆದ್ದರು. ಸೈಟಿನಲ್ಲಿ ಬೆಲ್ಲ ಹಂಚಿದರು. ಆಯಮ್ಮನನ್ನು ದಿಲ್ಲಿಗೆ ವಾಪಸು ಕಳಿಸಿದ್ದು ನಾವು ಎಂದು ಚೆಲುವಿ ಬಂದವರಿಗೆಲ್ಲ ಹೇಳಿದಳು. ಬೆಲ್ಲದ ಎರಡು ಉಂಡೆ ನನ್ನ ಅಂಗೈಗೂ ಬಂದವು, ಗುರುದಕ್ಷಿಣೆ ಎಂದು. ತಿಂದೆ.

ಆಮೇಲಿನ ನನ್ನ ಬದುಕು ಹೇಳುವಂಥದ್ದೇನಲ್ಲ. ಟೀಚರ್ ಟ್ರೈನಿಂಗಿಗೆ ಹೋಗುತ್ತೇನೆಂದು ಹಟ ಹಿಡಿದಾಗ ಅಪ್ಪ, "ಆಯಮ್ಮನ ಹಾಗೆ ಆಡಬೇಡ" ಎಂದರು. "ಅವರ ಹಾಗೇ ಆಡ್ತೀನಿ" ಎಂದೆ. ಅಷ್ಟು ಮಾತು ಬಾಯಿಗೆ ಬಂದದ್ದು ಆ ಪೆಟ್ಟಿಗೆಯ ಚಿತ್ರದಿಂದಲೇ. ಓದಿದೆ, ಕೆಲಸ ಸಿಕ್ಕಿತು, ನನ್ನ ಸಂಬಳ ನನ್ನ ಕೈಗೆ ಬಂತು. ಆಯಮ್ಮನಿಂದ ನನಗೆ ಬೇಕಾದ್ದನ್ನು ನಾನು ಪೂರ್ತಿ ಬಾಚಿಕೊಂಡೆ. ಚೆಲುವಿಗೆ ಸಿಗಬೇಕಾದ್ದನ್ನು ಮಾತ್ರ ಕೆಡಿಸಿ ಕೊಟ್ಟಿದ್ದೆ. ಇದು ಆಗ ನನಗೆ ಹೊಳೆದಿದ್ದರೆ ಚೆನ್ನಾಗಿತ್ತು. ಹೊಳೆಯಲಿಲ್ಲ. ಕಿಗ್ಗದ ಶಾಲೆಯಲ್ಲಿ ಹದಿನೈದು ವರ್ಷ, ಕೊಪ್ಪದಲ್ಲಿ ಐದು ವರ್ಷ, ಎರಡೂ ಕಡೆಯ ಸ್ಟಾಫ್‌ರೂಮಿನಲ್ಲಿ ಚುನಾವಣೆ ಬಂದಾಗಲೆಲ್ಲ ಬೆಂಡೆಕಾಯಿಯ ಕಥೆ ಹೇಳಿ ನಗಿಸುತ್ತಿದ್ದೆ. ಗಿರಿಜಿ ನೆಟಿಗೆ ಮುರಿದದ್ದನ್ನು ಅಭಿನಯಿಸಿಯೂ ತೋರಿಸುತ್ತಿದ್ದೆ. ಯಾರಾದರೂ ಮುಖ ಸಣ್ಣ ಮಾಡಿದರೆ ನನ್ನ ಉತ್ತರ ಸಿದ್ಧವಿತ್ತು. ಆಯಮ್ಮ ಗೆದ್ದರಲ್ಲ, ಅಷ್ಟು ಓಟಿನಲ್ಲಿ ಒಂಬತ್ತು ಹೋದರೆ ಯಾರಿಗೆ ಏನಾಯಿತು? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹಾಗೆಂದು ನಾನೂ ನಂಬಿದ್ದೆ.

ಎರಡು ಸಾವಿರದ ಎಂಟರ ವಿಧಾನಸಭೆ ಚುನಾವಣೆಯ ಹೊತ್ತಿಗೆ ನನಗೆ ಊರ ಕಡೆಯ ಶಾಲೆಗೇ ವರ್ಗವಾಗಿತ್ತು. ಅಪ್ಪ ಅಮ್ಮ ಇರಲಿಲ್ಲ, ಗದ್ದೆ ಅಣ್ಣನ ಕೈಯಲ್ಲಿತ್ತು. ಮತದಾರರ ಪಟ್ಟಿ ನೋಡುವುದು, ಚೀಟಿ ಹಂಚುವುದು ನನ್ನ ಪಾಲಿಗೆ ಬಂತು. ತಾಲೂಕು ಆಫೀಸಿನವರು ಒಂದು ಓಟಿನ ಯಂತ್ರ ತಂದು, ಸೈಟಿನ ಅಂಗನವಾಡಿಯಲ್ಲಿಟ್ಟು, ಜನಕ್ಕೆ ಒತ್ತುವುದನ್ನು ತೋರಿಸಿಕೊಡಿ ಎಂದರು. ಹೆಂಗಸರು ಸಾಲಾಗಿ ಬಂದರು. ಸಾಲಿನ ಮೊದಲಿಗೆ, ಹಳೆಯ ಅಭ್ಯಾಸದಂತೆ, ಚೆಲುವಿ. ಅರವತ್ತು ದಾಟಿತ್ತು, ಸೊಂಟ ಬಗ್ಗಿತ್ತು, ಗತ್ತು ಬಗ್ಗಿರಲಿಲ್ಲ.

ಗುಂಡಿ ಒತ್ತಿದಳು. ಯಂತ್ರ 'ಕುಂಯ್' ಎಂದಿತು. ಕೂಡಲೇ ಕೆಳಗಿನ ಇನ್ನೊಂದು ಗುಂಡಿ ಒತ್ತಿದಳು. ಯಂತ್ರ ಸುಮ್ಮನಿತ್ತು. ಮತ್ತೆ ಒತ್ತಿದಳು.

"ಇದು ಹಾಳಾಗಿದೆ ಸಣ್ಣಮ್ಮ. ಎರಡ್ನೇದು ಕೂಗಲ್ಲ."

"ಎರಡನೇದು ಯಾಕೆ ಚೆಲುವಿ?"

ಅವಳು ನನ್ನನ್ನು ಪಾಪದವಳನ್ನು ನೋಡುವಂತೆ ನೋಡಿದಳು. "ನೀನೇ ಕಲ್ಸಿದ್ದಲ್ವನೇ? ಆಯಮ್ಮಂಗೊಂದು, ಮನೆಗೊಂದು. ಅವತ್ತಿಂದ ಒಂದು ಸಲನೂ ತಪ್ಸಿಲ್ಲ. ಹೋದ ಸಲ ದಿಲ್ಲಿದೂ ಬೆಂಗಳೂರ್ದೂ ಎರಡು ಚುನಾವಣೆ ಒಟ್ಟಿಗೆ ಬಂದು ಮಿಷನ್ನೂ ಎರಡಿತ್ತು, ಸಲೀಸಾತು. ಈ ಸಲ ಒಂದೇ ತಂದಿದಾರೆ, ಜುಗ್ಗರು."

ಅವಳ ಹಿಂದಿದ್ದ ಗಿರಿಜಿ ತಲೆಯಾಡಿಸಿದಳು. ಅವಳ ಹಿಂದಿದ್ದ ಅವಳ ಮಗಳೂ ತಲೆಯಾಡಿಸಿದಳು. ತಾಯಂದಿರು ಮಕ್ಕಳಿಗೆ ಕಲಿಸಿದ್ದರು. ಏನಾದರೂ ಮಾತಾಡಬೇಕೆಂದು, "ಆಯಮ್ಮ ಸತ್ತು ಎಷ್ಟು ವರ್ಷ ಆಯ್ತು ಚೆಲುವಿ, ಇನ್ನೂ ಅವರಿಗೇ ಹಾಕ್ತೀಯಾ?" ಎಂದೆ.

"ಸತ್ರೆ ಎಂತಾತು? ಕೊಟ್ಟ ಜಾಗ ಸತ್ತದಾ?" ಎಂದಳು. "ಆಯಮ್ಮ ದೇಶ ಆಳಿದ್ಲು, ನೀನು ಪಂಚಾಯ್ತಿ ಆಳಕ್ಕಾಗಲ್ವಾ ಅಂತ ನಾನೇ ರತ್ನನ್ನ ನಿಲ್ಸಿದ್ದು ಹೋದ ಪಂಚಾಯ್ತಿ ಚುನಾವಣೆಗೆ. ನಮ್ಮ ವಾರ್ಡಿಗೆ ಒಂದೇ ಸೀಟು, ಅದೂ ಹೆಂಗಸ್ರಿಗೆ. ಮೂರು ಓಟಲ್ಲಿ ಹೋತು ನೋಡು. ಮೂರೇ ಮೂರು."

ರತ್ನ ಅವಳ ಸೊಸೆ. ಎಸ್ಸೆಸ್ಸೆಲ್ಸಿ ಓದಿದವಳು, ಅವಳ ಮಗ ನಮ್ಮ ಶಾಲೆಯಲ್ಲೇ ಮೂರನೆಯ ತರಗತಿ. ಅವಳ ಎದುರು ನಿಂತು ಗೆದ್ದವರು ನಮ್ಮ ಅಣ್ಣನ ಕಡೆಯವರು ಎಂಬುದು ನನಗೆ ಗೊತ್ತಿತ್ತು. ಸೈಟಿನ ಹೆಂಗಸರೆಲ್ಲ ಸೇರಿ, ತಮ್ಮವಳೇ ನಿಂತಾಗಲೂ, ಪಂಚಾಯ್ತಿ ಓಟಿನ ಕಾಗದದಲ್ಲಿ ಅವಳಿಗೊಂದು ನಮ್ಮ ಮನೆಗೊಂದು ಮುದ್ರೆ ಒತ್ತಿ ಬಂದಿದ್ದಾರೆ ಎಂಬುದು ಅಲ್ಲಿ ನಿಂತಾಗ ಗೊತ್ತಾಯಿತು. ಚೆಲುವಿ ತನ್ನ ಸೊಸೆಯ ಓಟನ್ನು ತನ್ನ ಕೈಯಾರೆ ಕೆಡಿಸಿದ್ದಳು, ನನ್ನ ಪಾಠದ ಪ್ರಕಾರ.

"ಕಾಗದದಲ್ಲಿ ಎರಡು ನಡೀತಿತ್ತು, ಇದ್ರಲ್ಲಿ ನಡಿಯಲ್ವಾ?" ಎಂದು ಚೆಲುವಿ ಕೇಳಿದಳು.

"ಹೂಂ. ಮಿಷನ್‌ನಲ್ಲಿ ಒಂದೇ," ಎಂದೆ. ಕಾಗದದ ವಿಷಯಕ್ಕೆ ಹೋಗಲಿಲ್ಲ.

ಆ ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಈ ಕಥೆಯನ್ನು ಅವರು ಹತ್ತು ಸಲ ಕೇಳಿ ನಕ್ಕವರೇ, ಈ ಸಲ ನಗಲಿಲ್ಲ. "ಹೋಗಿ ಹೇಳಿಬಿಡು ಮಾರಾಯ್ತಿ. ಬೈದರೆ ಬೈಸಿಕೋ. ಮುಂದಿನ ಪಂಚಾಯ್ತಿಗೆ ಮತ್ತೆ ಕಾಗದವೇ ಬರ್ತದೆ," ಎಂದರು. ಅದು ನಿಜ. ಯಂತ್ರದಿಂದ ನನ್ನ ತಪ್ಪು ಮುಚ್ಚಿಹೋಗುವುದಿಲ್ಲ. ನಾನು ಹೇಳದಿದ್ದರೆ ಅವರು ಮತ್ತೆ ಜೋಡಿ ಒತ್ತುತ್ತಾರೆ. ಹೇಳಿದರೆ, ಆಯಮ್ಮನನ್ನು ದಿಲ್ಲಿಗೆ ಕಳಿಸಿದವಳು ಎಂದು ಇಷ್ಟು ವರ್ಷ ಎದೆಯುಬ್ಬಿಸಿಕೊಂಡು ಬಂದವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವಳಿಗಾಗಿ ಹಿಂಜರಿಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹಿಂಜರಿದದ್ದು ನನಗಾಗಿ. ಶಾಲೆಯಲ್ಲಿ ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳಿ ಎಂದು ದಿನಾ ಹೇಳುವ ಬಾಯಿ ಇದು. ನನಗೆ ನಾಚಿಕೆಯಾಯಿತು, ನೀರು ಕುಡಿದರೂ ಹೋಗದಂಥ ನಾಚಿಕೆ.

ಭಾನುವಾರ ಬೆಳಿಗ್ಗೆ ಓಟಿನ ಚೀಟಿಗಳನ್ನು ಹಿಡಿದುಕೊಂಡು ಸೈಟಿಗೆ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಚೆಲುವಿ ಜಗಲಿಯಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನಗೆ ಕುರ್ಚಿ ಬಂತು. ರತ್ನ ಚೀಟಿಗಳನ್ನು ತೆಗೆದುಕೊಂಡು ಹೆಸರು ಓದಿ ನೋಡಿ, "ಟೀಚರ್, ಈ ಸಲನಾದ್ರೂ ನಮ್ಮ ಹೆಂಗಸ್ರಿಗೆ ಸರಿಯಾಗಿ ಕಲ್ಸಿ," ಎಂದಳು. "ಪಂಚಾಯ್ತಿ ಎಣಿಕೆ ದಿನ ನಾನು ಅಲ್ಲೇ ನಿಂತಿದ್ದೆ. ಹನ್ನೊಂದು ಓಟು ಕೆಟ್ಟು ಹೋಗಿದ್ವು. ನಿಮ್ಮ ಕಡೆಯೋರಿಗೆ ಒಂದು ಸೀಲು ಒತ್ತಕ್ಕೂ ಬರಲ್ವಾ ಅಂತ ಅಲ್ಲಿದ್ದೋರೆಲ್ಲ ನಗಾಡಿದ್ರು. ಮನೆಗೆ ಹೆಂಗೆ ಬಂದೆ ಅಂತ ನನಗೇ ಗೊತ್ತಿಲ್ಲ."

ಅಷ್ಟು ಹೇಳಿ ಚಹಾ ತರಲು ಒಳಗೆ ಹೋದಳು. ಈಗ ಹೇಳಬೇಕು ಎಂದುಕೊಂಡೆ. "ಚೆಲುವಿ, ನಿನ್ನ ಹತ್ರ ಒಂದು ಮಾತು..."

"ಮೊದ್ಲು ನಂದು ಕೇಳು," ಎಂದು ಅವಳು ಮೊರ ಕೆಳಗಿಟ್ಟಳು. "ಇವಳು ಯಾವಾಗ್ಲೂ ಹಂಗೇ ಅಂತಾಳೆ. ಕೆಡ್ಸಿದ್ದು ನಾವಲ್ಲ ಸಣ್ಣಮ್ಮ. ನಾನು, ಗಿರಿಜಿ, ಎಲ್ಲಾರೂ ನೀನು ಕಲ್ಸಿದಂಗೇ ಹಾಕಿದ್ದು. ರತ್ನಂಗೊಂದು, ನಿಮ್ಮ ಮನೆ ಕಡೆಯೋರಿಗೊಂದು. ಜೋಡಿ. ಇನ್ಯಾರೋ ಗೊತ್ತಿಲ್ದೋರು ಕೆಡ್ಸಿರ್ಬೇಕು."

ಚಹಾದ ಲೋಟ ಹಿಡಿದು ಹೊರಬಂದ ರತ್ನ ಹೊಸ್ತಿಲಲ್ಲೇ ನಿಂತಳು. ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಓದಿದ ಹುಡುಗಿ, ಅವಳಿಗೆ ಮತ್ತೇನೂ ವಿವರಿಸಬೇಕಾಗಿರಲಿಲ್ಲ.

ಚೆಲುವಿ ಅದನ್ನು ಗಮನಿಸಲಿಲ್ಲ. ಅವಳ ಮನಸ್ಸಿನಲ್ಲಿ ಬೇರೆಯದೇ ಇತ್ತು. "ಒಂದೇ ಒತ್ತದು ಅಂದ್ಯಲ್ಲ, ಅವತ್ತಿಂದ ನಂಗೆ ಸಮಾಧಾನ ಇಲ್ಲ. ಒಡೇರು ಇಲ್ಲ ಈಗ. ಆದ್ರೂ ಆ ಮನೆ ಅನ್ನ ಉಂಡೋಳು ನಾನು. ಇಷ್ಟು ವರ್ಷ ಒಂದು ಸಲನೂ ನಿಮ್ಮ ಮನೆ ಗುರುತು ಬಿಟ್ಟಿಲ್ಲ. ಈ ಸಲ ಬಿಡ್ತೀನಿ. ಆಯಮ್ಮಂಗೇ ಒತ್ತದು ಅಂತ ಮಾಡಿದೀನಿ. ನಂದು ತಪ್ಪಾತು ಸಣ್ಣಮ್ಮ. ಬೇಜಾರು ಮಾಡ್ಕಬೇಡ. ಆತು ಅನ್ನು, ನಂಗೆ ನಿದ್ದೆ ಬತ್ತದೆ."

ಕೈ ಮುಗಿದಳು. ನಾನೇನು ಹೇಳುತ್ತೇನೆಂದು ರತ್ನ ಕಾಯುತ್ತಿದ್ದಳು. ಮುಗಿದ ಕೈ ಇಳಿಸದೆ ಚೆಲುವಿಯೂ ಕಾಯುತ್ತಿದ್ದಳು.

"ಪರವಾಗಿಲ್ಲ ಬಿಡು ಚೆಲುವಿ," ಎಂದೆ.

"ದೊಡ್ಡ ಮನಸ್ಸು ನಿಂದು," ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೊರ ಎತ್ತಿಕೊಂಡಳು. ರತ್ನ ನನಗೆಂದು ತಂದಿದ್ದ ಚಹಾದ ಲೋಟವನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋದಳು.